ಮೂರು ಹರಕೆಗಳ ನಡುವೆ ಎರಡು ಚಮಚ ಶೇಂಗಾ

ನಿಮ್ಮ ಕೆಲಸ ಏನಾಗಿತ್ತು ಎಂದು ಯಾರಾದರೂ ಕೇಳಿದರೆ, "ಜನ ನಿನ್ನೆ ಏನು ತಿಂದರು ಅಂತ ಕೇಳೋದು" ಎನ್ನುತ್ತೇನೆ. ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದ ನಾನು ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ಪೌಷ್ಟಿಕ ಆಹಾರದ ಸಲಹೆಗಾರನಾಗಿ ಅಲೆದು ನಿವೃತ್ತನಾದೆ. ಒಬ್ಬ ಮನುಷ್ಯನ ಊಟ ಸರಿಯಿದೆಯೋ ಇಲ್ಲವೋ ತಿಳಿಯಲು ನಮಗೆ ಕಲಿಸಿದ್ದ ಮುಖ್ಯ ದಾರಿಯೇ ಇದು. ಹಿಂದಿನ ದಿನ ಬೆಳಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿ ಅಂದಾಜು ಹಾಕಬೇಕು. ಅಂದರೆ ಇಡೀ ಶಾಸ್ತ್ರ ಜನರ ನೆನಪಿನ ಮೇಲೆ ನಿಂತಿದೆ.

ನೆನಪು ಎಂಥ ಪದಾರ್ಥ ಎಂದು ಪರೀಕ್ಷಿಸಲು ಮೊನ್ನೆ ನನ್ನದೇ ಹಿಂದಿನ ದಿನದ ಊಟವನ್ನು ಹೆಂಡತಿಯ ಮುಂದೆ ಒಪ್ಪಿಸಿದೆ.

"ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಲೋಟ ಮಜ್ಜಿಗಿ" ಅಂದೆ.

"ಮೂರು ರೊಟ್ಟಿ. ಪಲ್ಯ ಬದನಿಕಾಯಿದು. ಮಜ್ಜಿಗಿ ಮಾಡೇ ಇರ್ಲಿಲ್ಲ. ಮತ್ತ ಸಂಜಿಮುಂದ ಡಬ್ಬಿಯಾಗಿನ ಶೇಂಗಾ ಉಂಡಿ ಯಾರು ತಿಂದ್ರು, ಬೆಕ್ಕು ತಿಂತೇನು?"

ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ತರುಣ ತರುಣಿಯರೇ, ಮುಂದೆ ನಾನು ಬರೆಯುವುದನ್ನು ಅನುಮಾನದಿಂದಲೇ ಓದಿ. ಬೇರೆಯವರನ್ನು ಕೇಳಿ ಖಾತ್ರಿ ಮಾಡಿಕೊಂಡದ್ದನ್ನು ಹಾಗೆಂದು ಹೇಳುತ್ತೇನೆ. ಉಳಿದದ್ದರಲ್ಲಿ ಎಷ್ಟು ರೊಟ್ಟಿ ಹೆಚ್ಚುಕಡಿಮೆಯಾಗಿದೆಯೋ ನನಗೂ ಗೊತ್ತಿಲ್ಲ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ಶೇಂಗಾದ ವಿಷಯ ಹೇಳುತ್ತೇನೆ. ಅದರಿಂದ ಇರಬಹುದು.

ನನ್ನ ಮೇಲಧಿಕಾರಿ ಇನಾಮದಾರ್ ಮೇಡಂ ಎಂಬವರು. ಮಾತು ಒರಟು, ಮನಸ್ಸು ಹಸನು. ನಾನು ಯಾವ ದಿನ ಯಾವ ಊರಿಗೆ ಹೋಗಬೇಕೆಂದು ನಿಗದಿ ಮಾಡಿದವರು ಅವರೇ. ಸೋಮವಾರ ರೋಣದ ಕಚೇರಿ, ಮಂಗಳವಾರ ಲಕ್ಕಲಕಟ್ಟಿ, ಬುಧವಾರ ಜಕ್ಕಲಿ, ಗುರುವಾರ ಗಜೇಂದ್ರಗಡ, ಶುಕ್ರವಾರ ಕೊಣ್ಣೂರು. "ಸಂತಿ ಇದ್ದಂಗ ಇರಬೇಕ್ರಿ. ಯಾವ ದಿನ ಬರ್ತಾನ, ಯಾವ ದಿನ ಬರಂಗಿಲ್ಲ ಅಂತ ಜನಕ್ಕ ಗೊತ್ತಿರಬೇಕು" ಎನ್ನುತ್ತಿದ್ದರು. ಮಾತು ಸರಿಯಾಗಿಯೇ ಇತ್ತು. ಅದರಲ್ಲಿದ್ದ ತೂತು ನನಗೆ ಬಹಳ ವರ್ಷ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ.

ಪೀನಟ್ ಬಟರ್ ತಂದವರೂ ಮೇಡಂ ಅವರೇ. ಎಲ್ಲೋ ತರಬೇತಿಗೆ ಹೋಗಿದ್ದವರು ಬರುವಾಗ ಒಂದು ಬಾಟಲಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಕುಕ್ಕಿದರು. "ನೋಡ್ರಿ. ನಮ್ಮ ಶೇಂಗಾನ ಅರದು ನಮಗ ಮಾರಾಕತ್ತಾರ. ಇದನ್ನ ನಮ್ಮ ಹೆಣ್ಮಕ್ಕಳು ಮನ್ಯಾಗ ಮಾಡಂಗಿಲ್ಲೇನು?"

ಬಾಟಲಿಯ ಮೇಲಿನ ಸಣ್ಣಕ್ಷರ ಓದಿದೆ. ಶೇಂಗಾ ಇತ್ತು. ಜೊತೆಗೆ ಸಕ್ಕರೆ, ಎಣ್ಣೆ ಮೇಲೆ ತೇಲದಿರಲೆಂದು ಹಾಕಿದ ಗಟ್ಟಿ ಕೊಬ್ಬು, ಉಪ್ಪು ಇದ್ದವು. ಮನೆಯಲ್ಲಿ ಮಾಡಿದರೆ ಇವೊಂದೂ ಬೇಡ. ಹುರಿದ ಶೇಂಗಾದ ಸಿಪ್ಪೆ ಕೇರಿ, ಅದರದೇ ಎಣ್ಣೆ ಬಿಟ್ಟು ನುಣ್ಣಗಾಗುವವರೆಗೆ ಅರೆದರೆ ಮುಗಿಯಿತು. ನಮ್ಮ ಕಡೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಇಲ್ಲದ ಮನೆಯಿಲ್ಲ. ಆದರೆ ಅದರ ಖಾರಕ್ಕೆ ಚಿಕ್ಕ ಮಕ್ಕಳು ಹತ್ತಿರ ಬರುವುದಿಲ್ಲ, ದೊಡ್ಡವರೂ ರೊಟ್ಟಿಗೆ ಚಿಟಿಕೆ ಹಚ್ಚಿಕೊಂಡು ಬಿಡುತ್ತಾರೆ. ಅರೆದ ಶೇಂಗಾವನ್ನಾದರೆ ಚಮಚದಲ್ಲಿ ತಿನ್ನಬಹುದು.

ಅರೆಯಲು ಗಜೇಂದ್ರಗಡದ ದಾದಾಪೀರ್ ಸಿಕ್ಕ. ಅಪ್ಪನ ಕಾಲದಿಂದ ಗಿರಣಿ ನಡೆಸುವವನು. ಮೊದಲ ಸಲ ಅರೆದುಕೊಟ್ಟದ್ದನ್ನು ಮೇಡಂ ಬೆರಳಲ್ಲಿ ನೆಕ್ಕಿ ಕಣ್ಣಲ್ಲಿ ನೀರು ತಂದುಕೊಂಡರು. ಹಿಂದಿನ ದಿನ ಅದೇ ಕಲ್ಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೀಸಿದ್ದನಂತೆ.

"ಕಲ್ಲು ತೊಳದಿಲ್ಲೇನೋ ಮಾರಾಯಾ?" ಎಂದೆ.

"ತೊಳದೀನ್ರಿ ಸರ್. ಆದ್ರ ಅದು ಬ್ಯಾಡಗಿ. ತೊಳದ್ರ ಹೋಗಾಕ ಅದೇನು ಅರಿವಿ ಕೊಳಿಯೇನ್ರಿ?"

ಆಮೇಲೆ ಅವನು ಬೇರೆ ಯಂತ್ರವನ್ನೇ ಹಾಕಿಸಿದ. ಡಬ್ಬಿಗಳನ್ನು ಹಳ್ಳಿಗಳಿಗೆ ಹಂಚಿದೆವು. ಲಕ್ಕಲಕಟ್ಟಿಯಲ್ಲಿ ಒಂದು ವಾರ ಬಿಟ್ಟು ಕೇಳಿದರೆ, "ಚಲೋ ಐತ್ರಿ, ಒಗ್ಗರಣಿಗೆ ಭಾಳ ಬರತೈತಿ" ಎಂದರು. ಒಗ್ಗರಣೆಗೆ ಹೇಗೆ? ಡಬ್ಬಿ ಇಟ್ಟಲ್ಲೇ ಇಟ್ಟರೆ ಶೇಂಗಾದ ಎಣ್ಣೆ ಮೇಲೆ ತೇಲುತ್ತದೆ. ಕಲಸಿ ತಿನ್ನಬೇಕು. ಇವರು ದಿನಾ ಬೆಳಿಗ್ಗೆ ಆ ಎಣ್ಣೆಯನ್ನು ಬಸಿದುಕೊಂಡು ಪಲ್ಯಕ್ಕೆ ಹಾಕಿ, ಕೆಳಗೆ ಉಳಿದ ಗಟ್ಟಿಯನ್ನು ಎಮ್ಮೆಗೆ ಹಾಕುತ್ತಿದ್ದರು. ಆ ಊರಲ್ಲಿ ಆ ತಿಂಗಳು ಯಾರ ಮೈಯಾದರೂ ತುಂಬಿಕೊಂಡಿದ್ದರೆ ಅದು ಎಮ್ಮೆಗಳದೇ.

ಈ ವಸ್ತುವಿನ ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಹೋದಲ್ಲೆಲ್ಲ ಒಬ್ಬರು ಇದನ್ನು ಅಮೃತ ಎನ್ನುತ್ತಾರೆ, ಇನ್ನೊಬ್ಬರು ಪಿತ್ತ ಎನ್ನುತ್ತಾರೆ. ಶೇಂಗಾದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು, ಅರ್ಧದ ಹತ್ತಿರ ಕೊಬ್ಬು. ಆ ಕೊಬ್ಬಿನಲ್ಲಿ ಹೆಚ್ಚಿನದು ಹೃದಯಕ್ಕೆ ಒಗ್ಗುವ ಜಾತಿಯದು. ಎರಡು ಚಮಚದಲ್ಲಿ ಒಂದು ದೊಡ್ಡ ಜೋಳದ ರೊಟ್ಟಿಗಿಂತ ಕಡಿಮೆಯಿಲ್ಲದ ಶಕ್ತಿ ಇರುತ್ತದೆ. ಮೈ ಹತ್ತಬೇಕಾದವರಿಗೆ ಅದು ವರ, ಈಗಾಗಲೇ ಮೈ ಹತ್ತಿದವರು ಚಮಚ ಎಣಿಸಿ ತಿನ್ನಬೇಕು. ಇಷ್ಟೆಲ್ಲ ಇದ್ದರೂ ಅದೊಂದೇ ಊಟವಾಗುವುದಿಲ್ಲ. ಜೋಳದ ಪ್ರೋಟೀನಿನಲ್ಲಿ ಯಾವ ಅಂಶ ಕಡಿಮೆಯೋ ಶೇಂಗಾದಲ್ಲೂ ಹೆಚ್ಚುಕಡಿಮೆ ಅದೇ ಕಡಿಮೆ. ಆ ಕೊರತೆ ತುಂಬಲು ಬೇಳೆಯೋ ಕಾಳೋ ಮೊಸರೋ ಬೇಕು. ಸೊಪ್ಪಿನಲ್ಲಿ, ಹಣ್ಣಿನಲ್ಲಿ ಸಿಗುವ ಎಷ್ಟೋ ಜೀವಸತ್ವ ಶೇಂಗಾದಲ್ಲಿ ಇಲ್ಲವೇ ಇಲ್ಲ. ಬೂಸ್ಟು ಹಿಡಿದ, ಸುಕ್ಕಿದ, ಕಹಿ ಕಾಳನ್ನು ಆರಿಸಿ ಎಸೆಯಿರಿ. ಅದರಲ್ಲಿ ಯಕೃತ್ತನ್ನು ಕೆಡಿಸುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಶೇಂಗಾ ತಿಂದರೆ ಮೈ ದದ್ದೇಳುವ, ಉಸಿರು ಕಟ್ಟುವ ಜನ ಅಪರೂಪಕ್ಕೆ ಇರುತ್ತಾರೆ. ಅವರು ಅದರ ಹತ್ತಿರವೂ ಹೋಗಬಾರದು.

ಇನ್ನು ಜಕ್ಕಲಿಯ ಮಂಜುಳಾ.

ನನ್ನ ನಿವೃತ್ತಿಗೆ ಕೆಲವು ವರ್ಷ ಮುಂಚೆ, ಒಂದು ಬುಧವಾರ, ಆ ಊರಿನ ಉಪಕೇಂದ್ರದ ಕಟ್ಟೆಯ ಮೇಲೆ ನಾನು ತೂಕದ ಯಂತ್ರ ಇಟ್ಟುಕೊಂಡು ಕೂತಿದ್ದಾಗ ಬಂದಳು. ಉದ್ದನೆಯ ಹುಡುಗಿ, ಪದವಿ ಮುಗಿಸಿದವಳು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಎತ್ತರ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ತೂಕ ಮಾತ್ರ ಒಂದೂವರೆ ಕಿಲೋ ಕಡಿಮೆ. ದೈಹಿಕ ಪರೀಕ್ಷೆಯಲ್ಲಿ ತೂಕ ಕಮ್ಮಿ ಬಂದರೆ ಅಲ್ಲಿಂದಲೇ ವಾಪಸ್.

ಕೈಯಲ್ಲಿ ಒಂದು ಪೌಡರ್ ಡಬ್ಬಿ ಹಿಡಿದಿದ್ದಳು. "ಇದನ್ನ ತಗೊಳ್ಳಲೇನ್ರಿ ಸರ್? ಹದಿನೈದು ದಿನದಾಗ ಮೈ ತುಂಬತೈತಿ ಅಂತ ಅಂಗಡ್ಯಾಗ ಹೇಳ್ಯಾರ."

ಓದಿ ನೋಡಿದೆ. ಸಕ್ಕರೆಯೇ ಮುಕ್ಕಾಲು. "ಇದನ್ನ ವಾಪಸ್ ಕೊಡು. ನಿಮ್ಮ ಹೊಲದಾಗ ಏನು ಬೆಳಿತೀರಿ?"

"ಶೇಂಗಾರಿ."

ನನಗೆ ಇನ್ನೇನು ಬೇಕು? ದಿನಕ್ಕೆ ನಾಲ್ಕು ಚಮಚ ಅರೆದ ಶೇಂಗಾ ತಿನ್ನಲು ಹೇಳಿದೆ. ಅವಳ ಅಜ್ಜಿ ಗಂಗವ್ವ ಪಕ್ಕದಲ್ಲೇ ನಿಂತಿದ್ದಳು. "ಶೇಂಗಾ ತಿಂದು ನೀರು ಕುಡದ್ರ ಕೆಮ್ಮ ಹತ್ತತೈತಿ, ಮೊದಲ ಹೇಳ್ತೀನಿ ನೋಡಪಾ ಯಪ್ಪಾ. ಆಮ್ಯಾಲೆ ಕೆಮ್ಮಿನ ಔಷಧಾ ನೀನ ಕೊಡಬೇಕು" ಎಂದಳು. ನಾನು ದೊಡ್ಡ ಮನುಷ್ಯನಂತೆ ನಕ್ಕೆ.

ಪ್ರತಿ ಬುಧವಾರ ಮಂಜುಳಾ ಬರುತ್ತಿದ್ದಳು. "ನಿನ್ನೆ ಏನು ತಿಂದಿ?" ಎಂದು ಕೇಳುತ್ತಿದ್ದೆ. ಪಟಪಟನೆ ಹೇಳುತ್ತಿದ್ದಳು. ಬೆಳಿಗ್ಗೆ ರೊಟ್ಟಿ, ಕಾಳುಪಲ್ಯ, ಶೇಂಗಾ. ಮಧ್ಯಾಹ್ನ ಅನ್ನ, ಸಾರು, ಮೊಸರು. ಸಂಜೆ ಮತ್ತೆ ಶೇಂಗಾ. ರಾತ್ರಿ ರೊಟ್ಟಿ, ಬೇಳೆ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ, ಇಲ್ಲವೇ ಹಣ್ಣು ಹಾಲು ಎಂದು ಪುಸ್ತಕದ ಪಾಠ ಒಪ್ಪಿಸುತ್ತಾರೆ. ಇವಳು ಎರಡನ್ನೂ ಮಾಡುತ್ತಿರಲಿಲ್ಲ. ಲೆಕ್ಕ ಹಾಕಿದರೆ ಊಟ ಚೆನ್ನಾಗಿತ್ತು. ತೂಕ ಮಾತ್ರ ಏರಲಿಲ್ಲ. ಮೂರನೆಯ ವಾರವೋ ನಾಲ್ಕನೆಯ ವಾರವೋ, ಇನ್ನೂ ಅರ್ಧ ಕಿಲೋ ಇಳಿಯಿತು.

ನಾನು ಎಲ್ಲವನ್ನೂ ಅನುಮಾನಿಸಿದೆ. ಯಂತ್ರದ ಮೇಲೆ ನಾನೇ ಹತ್ತಿ ನೋಡಿದೆ. ಅದು ನನ್ನ ವಿಷಯದಲ್ಲಿ ಸ್ವಲ್ಪವೂ ಸಂಕೋಚಪಡಲಿಲ್ಲ. ಜಂತುಹುಳುವಿನ ಮಾತ್ರೆ ಕೊಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ, ಓಟ ಕಡಿಮೆ ಮಾಡು ಎಂದೆ. ಕಡೆಗೆ ಮೇಡಂ ಮುಂದೆ ಹೇಳಿಕೊಂಡೆ.

"ಹಂಗಾದ್ರ ನಿಮ್ಮ ಶೇಂಗಾ ತೂಕ ಇಳಸತೈತಿ ಅಂತ ಬೆಂಗಳೂರಾಗ ಜಾಹೀರಾತು ಕೊಡೋಣೇನ್ರಿ? ಅಲ್ಲಿ ಭಾಳ ಗಿರಾಕಿ ಸಿಗ್ತಾರ" ಎಂದರು ಮೇಡಂ. ಆಮೇಲೆ ಮುಖ ಗಂಭೀರ ಮಾಡಿ, "ಆ ಹುಡುಗಿಗೆ ವಯಸ್ಸಿನ ಮಿತಿ ಹತ್ರ ಬಂದೈತಿ. ಈ ಸಲ ತಪ್ಪಿದ್ರ ಇನ್ನೊಂದು ಸಲ ಸಿಗತೈತೋ ಇಲ್ಲೋ. ಚೇಷ್ಟಿ ಅಲ್ಲ ನೋಡ್ರಿ" ಎಂದರು.

ಆ ವಾರ ಮಲಪ್ರಭೆ ತುಂಬಿತು. ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತವು. ಶುಕ್ರವಾರ ಅಲ್ಲಿಗೆ ಹೋಗುವಂತಿರಲಿಲ್ಲ. ಕಚೇರಿಯಲ್ಲಿ ಕೂತು ಆಕಳಿಸುವ ಬದಲು ಜಕ್ಕಲಿಗೆ ಹೋಗಿಬರೋಣವೆಂದು ಹೊರಟೆ. ಮಂಜುಳಾಳ ಮನೆಗೇ ಹೋದೆ. ಅವಳು, ಅವಳ ತಾಯಿ ಶಾಂತವ್ವ, ಅಜ್ಜಿ ಮೂವರೂ ಇದ್ದರು. ರೂಢಿಯಂತೆ ಕೇಳಿದೆ.

"ನಿನ್ನೆ ಏನು ತಿಂದಿ ಮಂಜುಳಾ?"

ಮಂಜುಳಾ ತಾಯಿಯ ಮುಖ ನೋಡಿದಳು. ತಾಯಿ ಅಜ್ಜಿಯ ಮುಖ ನೋಡಿದಳು.

"ನಿನ್ನೆ ಗುರುವಾರ ಅಲ್ರಿ ಸರ್" ಎಂದಳು ಮಂಜುಳಾ.

"ಗುರುವಾರ ಆದ್ರೇನಾತು?"

"ಒಪ್ಪತ್ತು ಇತ್ರಿ. ರಾತ್ರಿ ಒಂದ ಊಟ. ಅವ್ವನ ಹರಕಿ, ನನಗ ನೌಕರಿ ಸಿಗಲಿ ಅಂತ."

"ಅವ್ವನ ಹರಕಿ ಆದ್ರ ಅವ್ವ ಹಿಡೀಬೇಕು. ನೀ ಯಾಕ?"

"ಬೇಡಕೊಂಡಾಕಿ ಅವ್ವ. ಹಿಡಿಯಾಕಿ ನಾನು. ನೌಕರಿ ನಂದಲ್ರೀ?" ಇಷ್ಟು ಸರಳ ವಿಷಯ ಈ ಮನುಷ್ಯನಿಗೆ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ ನೋಡಿದಳು.

"ಗುರುವಾರ ಒಂದೇನು?"

"ಸೋಮವಾರ ಅಮ್ಮಂದು ಐತ್ರಿ" ಎಂದಳು. ಅಮ್ಮ ಎಂದರೆ ಅಜ್ಜಿ. ಗಂಗವ್ವ ಹೆಮ್ಮೆಯಿಂದ ತಲೆಯಾಡಿಸಿದಳು.

"ಅಂದ್ರ ವಾರದಾಗ ಎರಡು ದಿನ."

ಮಂಜುಳಾ ಕಾಲಿನ ಹೆಬ್ಬೆರಳು ನೋಡಿದಳು. "ಶನಿವಾರನೂ ಐತ್ರಿ. ಹನಮಪ್ಪಂದು. ಅದು ನಂದ. ಹೊತ್ತು ಮುಳುಗೋತನಕ ನೀರೂ ಮುಟ್ಟಂಗಿಲ್ಲ."

ಈಗ ಬಾಯಿ ತೆರೆದವಳು ಶಾಂತವ್ವ. "ಏನಂದಿ? ಶನಿವಾರ ಗೆಳತಿ ಮನ್ಯಾಗ ಉಂಡ ಬಂದೀನಿ ಅಂತಿದ್ದೆಲ್ಲಲೇ!"

"ಹರಕಿ ಬಾಯಿಬಿಟ್ಟು ಹೇಳಿದ್ರ ಫಲ ಇರಂಗಿಲ್ಲಂತ ನೀವ ಹೇಳೀರೆಲ್ಲ."

ನನಗೆ ಎಲ್ಲವೂ ಅರ್ಥವಾಯಿತು. ಬುಧವಾರ ಬಂದು ನಿನ್ನೆಯದನ್ನು ಕೇಳುವವನಿಗೆ ಯಾವಾಗಲೂ ಮಂಗಳವಾರವೇ ಸಿಗುತ್ತದೆ. ಹುಡುಗಿ ಒಂದು ಸುಳ್ಳೂ ಹೇಳಿರಲಿಲ್ಲ. ಸೋಮವಾರದ ಉಪವಾಸ ಮುಗಿಸಿ ಮಂಗಳವಾರ ಹಸಿದ ಹೊಟ್ಟೆಗೆ ಚೆನ್ನಾಗಿ ತಿನ್ನುತ್ತಿದ್ದಳು, ನಾನು ಅದನ್ನು ಏಳರಿಂದ ಗುಣಿಸುತ್ತಿದ್ದೆ. ವಾರದಲ್ಲಿ ಮೂರು ದಿನ ಉಪವಾಸ, ಅದರ ಜೊತೆಗೆ ನಸುಕಿನ ಓಟ. ನೌಕರಿ ಸಿಗಲಿ ಎಂದು ಬೇಡಿಕೊಂಡ ಹರಕೆಯೇ ನೌಕರಿಗೆ ಬೇಕಾದ ತೂಕವನ್ನು ತಿನ್ನುತ್ತಿತ್ತು. ನಿಮಗೆ ನಾನು ಹೇಳುವ ಕಿವಿಮಾತು ಒಂದೇ. ಊರಿಗೆ ಹೋಗುವ ದಿನವನ್ನು ಆಗಾಗ ಬದಲಿಸಿ. ಹೊಳೆ ತುಂಬಲಿ ಎಂದು ಕಾಯಬೇಡಿ.

ಅಲ್ಲಿಗೆ ಸುಮ್ಮನಿರಬೇಕಿತ್ತು. ವಿಶ್ವವಿದ್ಯಾಲಯದ ಗಾಳಿ ನನ್ನ ತಲೆಯಿಂದ ಪೂರ್ತಿ ಹೋಗಿರಲಿಲ್ಲ. "ಅಮ್ಮಾ, ಉಪವಾಸಕ್ಕ ಮೈ ತುಂಬೂದು ಎಲ್ಲೆರ ಉಂಟೇನು? ಇದೆಲ್ಲಾ ಬಿಡಸ್ರಿ" ಎಂದೆ.

ಗಂಗವ್ವ ಕೂತಲ್ಲಿಂದಲೇ ಕೇಳಿದಳು. "ಯಪ್ಪಾ, ಇಷ್ಟು ವಾರ ನೀ ಶೇಂಗಾ ತಿನಸಿದೆಲ್ಲ, ತೂಕ ಏರ್ತೇನು?"

"ಇಲ್ಲ."

"ಇಳೀತು. ಹೌದಿಲ್ಲೋ? ಆದ್ರೂ ನಾ ನಿನ್ನ ಶೇಂಗಾ ಬಿಡಸಂತ ಒಂದ ದಿನ ಅಂದೇನೇನು?"

ಚೀಲ ಎತ್ತಿಕೊಂಡು ಎದ್ದೆ.

ಅಲ್ಲಿಂದ ನೇರವಾಗಿ ಗಜೇಂದ್ರಗಡಕ್ಕೆ ಹೋದೆ, ದಾದಾಪೀರನ ಗಿರಣಿಯಲ್ಲಿ ಕೂತು ಸಿಟ್ಟನ್ನೆಲ್ಲ ಕಾರಿಕೊಂಡೆ. ಅವನು ಗೋಣಿಚೀಲ ಝಾಡಿಸುತ್ತ ಕೇಳಿಸಿಕೊಂಡ.

"ಸರ್, ರಂಜಾನ್ ತಿಂಗಳ ಹಗಲೆಲ್ಲಾ ನಾವೂ ನೀರು ಮುಟ್ಟಂಗಿಲ್ಲ. ಆದ್ರ ತಿಂಗಳು ಮುಗೀತಂದ್ರ ನನ್ನ ಪ್ಯಾಂಟಿನ ಗುಂಡಿ ಹತ್ತಂಗಿಲ್ಲ. ಯಾಕ ಹೇಳ್ರಿ?"

"ಯಾಕ?"

"ನಮ್ಮಾಕಿ ನಸುಕಿನ್ಯಾಗ ಎಬ್ಬಿಸಿ ಹಾಕೋ ಊಟ, ಸಂಜಿಮುಂದ ಹಾಕೋ ಊಟ ನೀವು ನೋಡಿಲ್ಲ. ರೋಜಾ ಹಿಡಿಯಾಂವ ನಾನು, ಹೊಟ್ಟಿ ಬರೋದೂ ನನಗ!" ತನ್ನ ಹೊಟ್ಟೆಯನ್ನು ತಾನೇ ತಟ್ಟಿಕೊಂಡು ನಕ್ಕ. "ಉಪವಾಸ ಬಿಡಸಾಕ ಹೋಗಬ್ಯಾಡ್ರಿ. ಹಿಡಿಯೂಕಿಂತ ಮೊದಲ ಏನು ಉಂತಾಳ, ಬಿಟ್ಟಮ್ಯಾಲೆ ಏನು ಉಂತಾಳ, ಅದನ್ನ ನೋಡ್ರಿ."

ಅವನು ಹೇಳಿದ್ದು ತನ್ನ ಹೊಟ್ಟೆಯ ಬಗ್ಗೆ. ನನ್ನ ತಲೆಗೆ ಮಾತ್ರ ಬೇರೆಯೇ ಒಂದು ಪದ ಬಂತು. ಫಳಾರ. ಒಪ್ಪತ್ತಿನ ದಿನ ಅನ್ನ ರೊಟ್ಟಿ ಇಲ್ಲದಿದ್ದರೂ ಕೆಲವು ಪದಾರ್ಥ ನಡೆಯುತ್ತವೆ. ನಮ್ಮ ಕಡೆ ಉಪವಾಸಕ್ಕೆ ಮೊದಲು ನೆನಪಾಗುವುದೇ ಸಾಬುದಾನಿ ಮತ್ತು ಶೇಂಗಾ.

ಸೋಮವಾರ ಕಚೇರಿಗೆ ಚಕ್ಕರ್ ಹೊಡೆದು ಮತ್ತೆ ಜಕ್ಕಲಿಗೆ ಹೋದೆ. ಈ ಸಲ ಚಪ್ಪಲಿ ಬಿಟ್ಟು ಗಂಗವ್ವನ ಎದುರು ನೆಲದ ಮೇಲೆ ಕೂತೆ.

"ಅಮ್ಮಾ, ಸೋಮವಾರ ಫಳಾರ ನಡೀತೈತೇನು?"

"ನಡೀತೈತಿ. ಬಾಳಿಹಣ್ಣು, ಹಾಲು, ಸಾಬುದಾನಿ."

"ಶೇಂಗಾ?"

"ಅದ್ಯಾಕ ನಡಿಯಂಗಿಲ್ಲ?"

"ಹುರದದ್ದು?"

"ನಡೀತೈತಿ."

"ಬೆಲ್ಲ ಹಾಕಿ ಅರದದ್ದು?"

"ನಡೀತೈತಿ. ಉಪ್ಪು ಹಾಕಬಾರದು."

"ದಾದಾಪೀರನ ಗಿರಣಿಯಾಗ ಅರದದ್ದು?"

ಇಲ್ಲಿ ತಡೆದಳು. ಕಣ್ಣು ಮುಚ್ಚಿ ಯೋಚಿಸಿದಳು. ಆ ಗಿರಣಿಯ ಹೆಸರು ಎತ್ತಿದ್ದೇ ತಪ್ಪಾಯಿತೇನೋ ಎಂದುಕೊಂಡೆ. "ಅಲ್ಲಿ ಜ್ವಾಳ, ಗೋದಿ ಬೀಸ್ತಾರ. ಹಿಟ್ಟು ಹತ್ತಿರತೈತಿ. ಒಪ್ಪತ್ತಿಗೆ ಹಿಟ್ಟು ನಡಿಯಂಗಿಲ್ಲ. ಮನ್ಯಾಗ ನಾನ ಅರದ ಕೊಡ್ತೀನಿ" ಎಂದಳು. ಮಂಜುಳಾ ಹೇಳುವ ಪ್ರಕಾರ ಅಜ್ಜಿ ಅರೆದದ್ದು ಒಂದೇ ದಿನ. ಮಾರನೆಯ ವಾರದಿಂದ ಮಿಕ್ಸರ್ ತೊಳೆದು ಅದರಲ್ಲೇ ತಿರುವಿದರಂತೆ. ನನ್ನ ನೆನಪಿನಲ್ಲಿ ಅಜ್ಜಿ ತಿಂಗಳುಗಟ್ಟಲೆ ಕಲ್ಲಿನ ಮುಂದೆ ಕೂತಿದ್ದಾಳೆ. ಮಂಜುಳಾಳದ್ದೇ ನಿಜವಿರಬೇಕು.

ಸೋಮವಾರ, ಗುರುವಾರ ಬೆಳಿಗ್ಗೆ ಬಾಳೆಹಣ್ಣು, ಹಾಲು, ಬೆಲ್ಲ ಹಾಕಿದ ಶೇಂಗಾ. ಮಧ್ಯಾಹ್ನ ಮತ್ತೆ ಅದೇ. ರಾತ್ರಿ ಉಪವಾಸ ಬಿಡುವಾಗ ರೊಟ್ಟಿ, ಬೇಳೆ, ಸೊಪ್ಪು, ಮೊಸರು, ಯಾವ ಕೊರತೆಯೂ ಇರದಂತೆ ಊಟ. ಉಳಿದ ದಿನಗಳಲ್ಲಿ ನನ್ನ ಇನ್ನೊಂದು ತಪ್ಪನ್ನೂ ತಿದ್ದಿದೆ. ಮೊದಲು ಅವಳು ಶೇಂಗಾವನ್ನು ಊಟಕ್ಕೆ ಮುಂಚೆ ತಿನ್ನುತ್ತಿದ್ದಳು. ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತು ಊಟ ಅರ್ಧಕ್ಕೇ ಸಾಕಾಗುತ್ತಿತ್ತು. ಈಗ ಊಟವಾದ ಮೇಲೆ ಎಂದೆ. ಶೇಂಗಾ ಊಟದ ಮೇಲಿನದಾಗಬೇಕು, ಊಟದ ಜಾಗ ಹಿಡಿಯಬಾರದು. ಇದನ್ನು ನೀವು ಸಾವಿರ ಸಲ ಹೇಳಬೇಕಾಗುತ್ತದೆ.

ಶನಿವಾರ ಮಾತ್ರ ಉಳಿಯಿತು. "ಅದು ನಂದ್ರಿ ಸರ್. ನಾನ ಮಾತು ಕೊಟ್ಟೀನಿ. ಅದರಾಗ ಫಳಾರ ಗಿಳಾರ ಇಲ್ಲ" ಎಂದಳು ಮಂಜುಳಾ. ಊಟದ ಪಟ್ಟಿಯಲ್ಲಿ ಶನಿವಾರದ ಸಾಲನ್ನು ಖಾಲಿ ಬಿಟ್ಟೆ.

ತೂಕ ಏರತೊಡಗಿತು, ಬೇಸಿಗೆಯ ಬಾವಿಯಲ್ಲಿ ನೀರು ಜಿನುಗಿದ ಹಾಗೆ. ಕಡೆಗೆ ಒಂದು ಬುಧವಾರ ಯಂತ್ರದ ಮುಳ್ಳು ಬೇಕಾದ ಗೆರೆಗೆ ಬಂದು ನಿಂತಿತು. ಅದೇ ವಾರ ಅವಳ ಮೊಬೈಲಿಗೆ ಸಂದೇಶ ಬಂತು. ದೈಹಿಕ ಪರೀಕ್ಷೆ ಗದಗಿನಲ್ಲಿ. ಶನಿವಾರ, ಬೆಳಿಗ್ಗೆ.

ಸುದ್ದಿ ಕೇಳಿ ಹೋದೆ. ಶಾಂತವ್ವ ಅಳುತ್ತಿದ್ದಳು. ಅಂಚಿನಲ್ಲಿ ನಿಂತ ತೂಕ. ಹಾಲು, ನೀರು, ರೊಟ್ಟಿ ಹೊಟ್ಟೆಯಲ್ಲಿದ್ದರೆ ದಾಟುತ್ತಾಳೆ, ಖಾಲಿ ಹೊಟ್ಟೆಯಲ್ಲಿ ಹೋದರೆ ಇಲ್ಲ. ಅದು ಹೇಳಲು ಆಹಾರ ವಿಜ್ಞಾನವೇನೂ ಬೇಕಿರಲಿಲ್ಲ.

"ಒಂದ ಶನಿವಾರ ಬಿಡಲೇ, ನನ್ನವ್ವಾ" ಎಂದಳು ಶಾಂತವ್ವ.

"ಯಾವುದಕ್ಕ ಹಿಡದೀನೋ ಅವತ್ತ ಬಿಡಲೇನಬೇ? ಆಮ್ಯಾಲೆ ಹನಮಪ್ಪಗ ಯಾವ ಬಾಯಿಂದ ನೌಕರಿ ಕೊಡು ಅನ್ಲಿ?"

ನನ್ನ ನಾಲಿಗೆಯ ತುದಿಗೆ ನಾಲ್ಕು ವಾದಗಳು ಬಂದಿದ್ದವು. ನಾಲ್ಕನ್ನೂ ನುಂಗಿದೆ. ಆಗ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಗಂಗವ್ವ ಮೊರ ಪಕ್ಕಕ್ಕೆ ಸರಿಸಿದಳು.

"ನಿನ್ನ ಶನಿವಾರ ನನಗ ಕೊಡು. ಅವತ್ತ ನಾ ಹಿಡೀತೀನಿ. ನೀ ಉಂಡು ಹೋಗು."

ಮಂಜುಳಾ ತಲೆಯೆತ್ತಿದಳು. "ಹಂಗ ನಡೀತೈತೇನಮ್ಮ?"

"ಯಾಕ ನಡಿಯಂಗಿಲ್ಲ? ನನ್ನ ಹರಕಿ ನೀ ಹಿಡದಿ, ನಿಮ್ಮವ್ವನ ಹರಕಿ ನೀ ಹಿಡದಿ. ನಿನ್ನ ಹರಕಿ ನಾ ಹಿಡದ್ರ ಹನಮಪ್ಪಗೇನು ಲೆಕ್ಕ ತಪ್ಪತೈತೇನು?"

"ಅಮ್ಮಾ, ಈ ವಯಸ್ಸಿನಾಗ ನೀರಿಲ್ಲದ ಇಡೀ ದಿನ..." ಎಂದು ನಾನು ಶುರು ಮಾಡಿದೆ. ಈ ಸಲ ಅದು ವಾದವಲ್ಲ, ನಿಜವಾದ ಹೆದರಿಕೆ.

"ನೀ ಸುಮ್ನ ಕೂಡಪಾ. ನಿನಗ ಆಕಿ ತೂಕ ಬೇಕಿತ್ತೋ ನಂದೋ?"

ಶನಿವಾರ ನನಗೆ ರಜೆ. ಮನೆಯಲ್ಲಿ ಕೂರಲಾಗಲಿಲ್ಲ. ಗದಗಿಗೆ ಹೋಗಿ ಮೈದಾನದ ತಂತಿಬೇಲಿಯ ಹೊರಗೆ ನಿಂತಿದ್ದೆ, ತೂಕದ ಯಂತ್ರದ ಮುಳ್ಳು ಅಲುಗಾಡುವುದನ್ನು ಕಣ್ಣಾರೆ ಕಂಡೆ ಎಂದು ಬಹಳ ಜನರಿಗೆ ಹೇಳಿದ್ದೇನೆ. ಇದನ್ನು ಬರೆಯುವ ಮುಂಚೆ ಮಂಜುಳಾಗೆ ಫೋನ್ ಮಾಡಿ ಕೇಳಿದೆ. "ಇಲ್ರಿ ಸರ್, ನೀವು ಬಂದಿರ್ಲಿಲ್ಲ. ಅಲ್ಲಿ ಮುಳ್ಳಿನ ಯಂತ್ರನೂ ಇರ್ಲಿಲ್ಲ, ನಂಬರ್ ಬರೋದು ಇತ್ತು. ನಾ ಫೋನ್ ಹಚ್ಚಿದಾಗ ನೀವು ನಮ್ಮ ಮನ್ಯಾಗ ಇದ್ರಿ ಅಂತ ಅವ್ವ ಹೇಳಿದ್ಲು" ಎಂದಳು. ಸರಿ, ಹಾಗಾದರೆ ನಾನು ಜಕ್ಕಲಿಯಲ್ಲಿದ್ದೆ. ಅವಳು ಹೇಳಿದ ಮೇಲೆ ಅದೂ ನೆನಪಾಗುತ್ತಿದೆ.

ನಸುಕಿನಲ್ಲಿ ಮಂಜುಳಾ ರೊಟ್ಟಿ, ಬೇಳೆ, ಮೊಸರು ಉಂಡು, ಮೇಲೆ ಶೇಂಗಾ ತಿಂದು, ಅಪ್ಪನ ಜೊತೆ ಬಸ್ಸು ಹತ್ತಿದ್ದಳಂತೆ. ನಾನು ಹೋದಾಗ ಗಂಗವ್ವ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ನಾನು ಅವಳ ನಾಡಿ ನೋಡುವ ನೆಪದಲ್ಲಿ ಹತ್ತಿರ ಕೂತೆ. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಫೋನ್ ಬರಲಿಲ್ಲ. ಶಾಂತವ್ವ ಒಳಗೂ ಹೊರಗೂ ನೂರು ಸಲ ಓಡಾಡಿದಳು. "ಕುಂಡರ, ಕಾಲು ಸವೀತಾವ" ಎಂದು ಗಂಗವ್ವ ಸೊಸೆಯನ್ನು ಗದರಿದಳು.

ಮಧ್ಯಾಹ್ನ ಫೋನ್ ಬಂತು. ಶಾಂತವ್ವ ಕಿವಿಗೆ ಹಿಡಿದು ಒಂದು ಕ್ಷಣ ಕೇಳಿ, ಕೂಗಿದ ಕೂಗಿಗೆ ಪಕ್ಕದ ಮನೆಯ ಆಕಳು ಎದ್ದು ನಿಂತಿತು. ಪಾಸು. ತೂಕ ಎಷ್ಟು ಮಿಕ್ಕಿತ್ತು ಎಂದು ಕೇಳಿದೆ. ಒಂದು ತಂಬಿಗೆ ನೀರಿನಷ್ಟೂ ಅಲ್ಲ.

ಅದನ್ನು ಶೇಂಗಾ ದಾಟಿಸಿತೋ, ಬೆಳಗಿನ ರೊಟ್ಟಿಯೋ, ಮೂರು ಹರಕೆಗಳೋ ಎಂದು ನೀವು ಕೇಳಿದರೆ ನಾನು ಪ್ರಾಮಾಣಿಕವಾಗಿ ಹೇಳಬೇಕು. ಹೋಲಿಸಿ ನೋಡಲು ನನ್ನ ಬಳಿ ಇನ್ನೊಬ್ಬ ಮಂಜುಳಾ ಇರಲಿಲ್ಲ.

ಶಾಂತವ್ವ ಅಡುಗೆಮನೆಗೆ ಓಡಿ ನನಗೊಂದು ತಾಟು ತಂದಿಟ್ಟಳು. ರೊಟ್ಟಿ, ಪಲ್ಯ, ಅಂಚಿನಲ್ಲಿ ಬೆಲ್ಲ ಹಾಕಿ ಅರೆದ ಶೇಂಗಾ. ಕೈ ಹಾಕಲು ಮನಸ್ಸಾಗಲಿಲ್ಲ. ನೀರಿನ ತಂಬಿಗೆಯನ್ನು ಗಂಗವ್ವನ ಕಡೆ ಸರಿಸಿದೆ.

"ಅಮ್ಮಾ, ಪಾಸಾತಲ್ರಿ. ಇನ್ನ ಮುಗೀತು. ಒಂದು ಗುಟುಕು ಕುಡೀರಿ."

ಅವಳು ತಂಬಿಗೆಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಪಾಸಾದಾಕಿ ಆಕಿ. ನಂದು ಹೊತ್ತು ಮುಳುಗೋತನಕ ಐತಿ. ನೀ ಉಣ್ಣು."